ಶೈಲಾ ಟೀಚರ್ ಹೂಂ ಅಂದದ್ದು

ಶೈಲಾ ಟೀಚರಿಗೆ ಸಿಟ್ಟು ಜಾಸ್ತಿ ಎಂದು ಬ್ಯಾಡಗಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ನಮ್ಮ ಮೆಣಸಿನಕಾಯಿಯ ಬಗ್ಗೆಯೂ ಹೊರಗಿನವರು ಹಾಗೆಯೇ ಹೇಳುತ್ತಾರೆ, ಬಣ್ಣ ನೋಡಿಯೇ ದೂರ ಸರಿಯುತ್ತಾರೆ. ತಿಂದವರಿಗೆ ಗೊತ್ತು, ಬಣ್ಣ ಇದ್ದಷ್ಟು ಖಾರ ಅದಕ್ಕಿಲ್ಲ. ಟೀಚರ ಮುಖ ಕೆಂಪಾಗುತ್ತದೆ, ಮೂಗಿನ ಹೊಳ್ಳೆಗಳು ಅರಳುತ್ತವೆ, ಕೈಯಲ್ಲಿದ್ದ ಸೀಮೆಸುಣ್ಣ ಮುರಿಯುತ್ತದೆ. ಅಲ್ಲಿಗೆ ಮುಗಿಯಿತು.

ಅವರು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಮನೆ ರಾಣೆಬೆನ್ನೂರಿನಲ್ಲಿ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ಶಾಲೆಯ ಅಡುಗೆಮನೆಯ ಪಕ್ಕ ಬಿಸಿಯೂಟದ ಅಕ್ಕಿಚೀಲ ಒಟ್ಟುತ್ತಿದ್ದ ಕೋಣೆಯೊಂದಿತ್ತು. ಹೆಡ್‌ಮಾಸ್ತರ ಅಂದಾನೆಪ್ಪನವರ ಜೊತೆ ಜಗಳಾಡಿ ಅದನ್ನು ಖಾಲಿ ಮಾಡಿಸಿದರು, ಸುಣ್ಣ ಹೊಡೆಸಿದರು, ಹತ್ತನೆಯ ತರಗತಿಯ ಆರೇಳು ಮಕ್ಕಳನ್ನು ಸಂಜೆ ಅಲ್ಲಿ ಕೂರಿಸಿಕೊಳ್ಳತೊಡಗಿದರು. ಗಣಿತ ಎಂದರೆ ಹೊಟ್ಟೆನೋವು ಬರುವ ಮಕ್ಕಳು ಇವರು. ಆ ಕೋಣೆಯಲ್ಲಿ ಹೊಡೆಯುವಂತಿಲ್ಲ, ಬೈಯುವಂತಿಲ್ಲ, ಒಬ್ಬರ ತಪ್ಪಿಗೆ ಇನ್ನೊಬ್ಬರು ನಗುವಂತಿಲ್ಲ. ಮಕ್ಕಳು ಅದಕ್ಕೆ ‘ಅಂಜಬ್ಯಾಡ ಖೋಲಿ’ ಎಂದು ಹೆಸರಿಟ್ಟರು. ಮಾರುಕಟ್ಟೆಯ ದಿನ ಎಪಿಎಂಸಿ ಯಾರ್ಡಿನಿಂದ ಮೆಣಸಿನಕಾಯಿ ಘಾಟು ಬಂದು ಎಲ್ಲರೂ ಸಾಲಾಗಿ ಸೀನುತ್ತಿದ್ದರು. ಸೀನಿದ್ದಕ್ಕೆ ಮಾತ್ರ ನಗಬಹುದಿತ್ತು.

ಬೈಯದೇ ಇರುವುದು ಟೀಚರಿಗೆ ಸುಲಭವಿರಲಿಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ನುಂಗಿ ಕೊನೆಗೆ ಒಂದು ಉಪಾಯ ಕಂಡುಕೊಂಡರು. ಕಥೆ ಕೇಳುವವರು ಹೂಂಗುಟ್ಟುತ್ತಾರಲ್ಲ, ಹಾಗೆ. ಮಕ್ಕಳು ಲೆಕ್ಕದ ಒಂದು ಹಂತ ಬರೆದಾಗ ಅದು ಸರಿ ಇದ್ದರೆ ‘ಹೂಂ’ ಅನ್ನುವುದು, ತಪ್ಪಿದ್ದರೆ ಸುಮ್ಮನಿರುವುದು. ಮಕ್ಕಳು ತಾವೇ ತಿದ್ದಿ ಮತ್ತೆ ಬರೆಯುತ್ತಿದ್ದರು, ಹೂಂ ಬರುವ ತನಕ. ಎಷ್ಟು ಚೆಂದದ ಪದ್ಧತಿ! ಅಂದಾನೆಪ್ಪನವರು ಶಾಲೆಗೆ ಬಂದ ಸಾಹೇಬರನ್ನೆಲ್ಲ ಕರೆತಂದು ಆ ಕೋಣೆ ತೋರಿಸುತ್ತಿದ್ದರು.

ಈ ಹೂಂ ಎಲ್ಲರಿಗಿಂತ ಹೆಚ್ಚು ಫಲಿಸಿದ್ದು ದ್ರಾಕ್ಷಾಯಿಣಿಗೆ. ಯಾರ್ಡಿನ ಎದುರು ಗೋಣಿಚೀಲ, ಸುತಳಿ ಮಾರುವ ಮಾಲತೇಶಪ್ಪನ ಮಗಳು. ಎಂಟನೆಯ ತರಗತಿಯಲ್ಲಿದ್ದಾಗ ಯಾವುದೋ ಟ್ಯೂಷನ್ನಿನಲ್ಲಿ ಇವಳನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಲೆಕ್ಕ ಬರದಿದ್ದಾಗ ಎಲ್ಲರೂ ಸೇರಿ ನಕ್ಕಿದ್ದರಂತೆ. ಅಂದಿನಿಂದ ಅಂಕಿ ಕಂಡರೆ ಪುಸ್ತಕ ಮುಚ್ಚಿಬಿಡುತ್ತಿದ್ದಳು. ಅಂಥವಳು ಸಂಕ್ರಾಂತಿಯ ಹೊತ್ತಿಗೆ, ಕೋಣೆಯಲ್ಲಿ ಎಲ್ಲರಿಗಿಂತ ಚುರುಕಾದ ಆರಿಫ್‌ನನ್ನೂ ಹಿಂದೆ ಹಾಕಿ ಲೆಕ್ಕ ಬಿಡಿಸುತ್ತಿದ್ದಳು. ಅವಳಿಗೊಂದು ಆಸೆಯಿತ್ತು. ಅವರ ಅಂಗಡಿಯ ಹಿಂದೆ ಕೋಲ್ಡ್ ಸ್ಟೋರೇಜ್ ಕಟ್ಟುವಾಗ ನಕ್ಷೆ ಹಿಡಿದು, ಹೆಲ್ಮೆಟ್ ಹಾಕಿಕೊಂಡು, ಗಂಡಸರಿಗೆಲ್ಲ ಜೋರು ಮಾಡುತ್ತಿದ್ದ ಹೆಣ್ಣು ಇಂಜಿನಿಯರ್ ಒಬ್ಬಳನ್ನು ನೋಡಿದ್ದಳು. ತಾನೂ ಹಾಗಾಗಬೇಕು, ಹಾವೇರಿಯಲ್ಲಿ ಡಿಪ್ಲೊಮಾ ಓದಬೇಕು. ಅದಕ್ಕೆ ಹತ್ತನೆಯ ತರಗತಿಯ ಗಣಿತ ದಾಟಲೇಬೇಕು.

ಫೆಬ್ರುವರಿಯ ಕೊನೆಗೆ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ದೊಡ್ಡ ಹಾಲು, ದೂರ ದೂರ ಬೆಂಚು, ಗೋಡೆಗೆ ಕ್ಯಾಮೆರಾ, ಎಲ್ಲ ನಿಜವಾದ ಪರೀಕ್ಷೆಯಂತೆಯೇ. ಎರಡು ದಿನ ಬಿಟ್ಟು ಶೈಲಾ ಟೀಚರ್ ಉತ್ತರಪತ್ರಿಕೆ ತಿದ್ದಲು ಕುಳಿತರು. ದ್ರಾಕ್ಷಾಯಿಣಿಯದನ್ನು ತೆರೆದವರು ಮೊದಲ ಪುಟದಲ್ಲೇ ನಿಂತರು. ಒಂದು ಲೆಕ್ಕ ಬರೆದು ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಳು. ಕೆಳಗೆ ಅದನ್ನೇ ಮತ್ತೆ ಬರೆದು ಮತ್ತೆ ಹೊಡೆದಿದ್ದಳು. ಪುಟ ತಿರುವಿದರೂ ಅದೇ. ಅಡ್ಡಗೆರೆಯ ಕೆಳಗೆ ಇಣುಕಿ ನೋಡಿದರೆ ಬಹುತೇಕ ಲೆಕ್ಕಗಳು ಸರಿಯಾಗಿದ್ದವು! ಹೊಡೆದುಹಾಕಿದ ಉತ್ತರಕ್ಕೆ ಅಂಕ ಯಾರು ಕೊಡುತ್ತಾರೆ?

ಹುಡುಗಿಯನ್ನು ಕರೆಸಿದರು.

“ಏನವ್ವಾ ಇದು? ಬರೋಬ್ಬರಿ ಬರದದ್ದನ್ನ ಯಾಕ ಹೊಡದೀದಿ?”

ದ್ರಾಕ್ಷಾಯಿಣಿ ಕಣ್ಣರಳಿಸಿದಳು. “ಬರೋಬ್ಬರಿ ಇತ್ತೇನ್ರಿ?”

“ಇತ್ತಲ್ಲ!”

“ಯಾರೂ ಹೂಂ ಅನ್ನಲಿಲ್ಲಲ್ರಿ ಟೀಚರ್. ತಪ್ಪೈತಿ ಅಂತ ತಿಳಕೊಂಡು ಮತ್ತ ಬರದೆ. ಆಗೂ ಯಾರೂ ಅನ್ನಲಿಲ್ಲ.”

ಇದಕ್ಕೆ ನಗಬೇಕೋ ಅಳಬೇಕೋ ನೀವೇ ಹೇಳಿ. ಟೀಚರಿಗೆ ಎರಡೂ ಬರಲಿಲ್ಲ, ಹೆದರಿಕೆ ಬಂತು. ಬೈಗುಳ ಬೇಡವೆಂದು ತಾವು ಸುಮ್ಮನಿರುತ್ತಿದ್ದರು, ಈಗ ಆ ಸುಮ್ಮನಿರುವುದೇ ಈ ಹುಡುಗಿಗೆ ಬೈಗುಳವಾಗಿತ್ತು. ಪರೀಕ್ಷೆಯ ಹಾಲಿನಲ್ಲಿ ಸುಮ್ಮನಿರುವುದನ್ನು ಬಿಟ್ಟು ಬೇರೇನಿರುತ್ತದೆ?

“ಆ ದೊಡ್ಡ ಪರೀಕ್ಷಿಗೆ ನಾ ಹೋಗಂಗಿಲ್ರಿ,” ಎಂದಳು ದ್ರಾಕ್ಷಾಯಿಣಿ. “ಅಲ್ಲೂ ಹಿಂಗ ಆಗ್ತೈತಿ. ಅಂಗಡ್ಯಾಗ ಕುಂದ್ರು ಅಂತ ಅಪ್ಪ ಅಂದಾನ. ಅಲ್ಲೇ ಕುಂದರ್ತೇನಿ.”

“ಹುಚ್ಚುಚ್ಚರೆ ಮಾತಾಡಬ್ಯಾಡ. ಇನ್ನೂ ಮೂರು ವಾರ ಐತಿ,” ಎಂದರು ಟೀಚರ್. ಹೇಳಿದ ಮೇಲೆ, ಮೂರೇ ವಾರ ಎಂದು ಬೆರಳು ಮಡಚಿ ಎಣಿಸಿದರು.

ಅಲ್ಲಿಂದ ಮುಂದೆ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊದಲು ಕೋಣೆಯಲ್ಲಿ ಹೂಂ ಅನ್ನುವುದನ್ನೇ ನಿಲ್ಲಿಸಿದರು. ದ್ರಾಕ್ಷಾಯಿಣಿ ಅವರ ಹುಬ್ಬು ನೋಡಿ ಬರೆಯತೊಡಗಿದಳು. ಟೀಚರ್ ಗೋಡೆಯ ಕಡೆ ತಿರುಗಿ ಕುಳಿತರು. ಹುಡುಗಿ ಬೆನ್ನು ಓದಲು ಕಲಿತಳು. “ತುರುಬು ಮುಟಗೊಂಡ್ರಂದ್ರ ತಪ್ಪೈತಿ,” ಎಂದು ಪಕ್ಕದ ಸ್ನೇಹಾಳ ಕಿವಿಯಲ್ಲಿ ಉಸುರಿದ್ದು ಕೇಳಿಸಿ ಟೀಚರ್ ಎದ್ದು ಹೊರಗೆ ಹೋದರು. ಬಾಗಿಲ ಹೊರಗೆ ನಿಂತರೂ ಕಾಲು ಸುಮ್ಮನಿರಲಿಲ್ಲ, ಆ ಕಡೆಯಿಂದ ಈ ಕಡೆ ಓಡಾಡಿದರು. ಒಳಗೆ ಹುಡುಗಿ ಚಪ್ಪಲಿಯ ಸದ್ದಿಗೂ ಒಂದು ಅರ್ಥ ಹಚ್ಚಿಕೊಂಡಿದ್ದಳು.

ಭಾನುವಾರ ಅವಳನ್ನು ರಾಣೆಬೆನ್ನೂರಿಗೆ ತಮ್ಮ ಮನೆಗೇ ಕರೆದೊಯ್ದರು. ಪಡಸಾಲೆಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟು ಕೂರಿಸಿ, ಅತ್ತೆ ನೀಲಗಂಗವ್ವನನ್ನು ಕಾವಲಿಟ್ಟು, ತಾವು ಸಂತೆಗೆ ಹೋದರು. ಸಂತೆಯಲ್ಲಿ ಏನು ಕೊಂಡರೋ ಅವರಿಗೇ ನೆನಪಿಲ್ಲ. ಮನೆಯಲ್ಲಿ ಬದನೆಕಾಯಿ ಇದ್ದರೂ ಮತ್ತೆ ಬದನೆಕಾಯಿ ತಂದಿದ್ದರು.

“ಹುಡುಗಿ ಛಂದ ಬರೀತೈತಿ,” ಎಂದರು ನೀಲಗಂಗವ್ವ. “ಬರದು ಬರದು ಮತ್ತ ಹೊಡೀತೈತಿ. ಕಸೂತಿ ಹಾಕಿ ಬಿಚ್ಚಿದಂಗ. ಏನಾಗೈತ್ಯವ್ವಾ ಇದಕ್ಕ?”

“ಇದಕ್ಕ ಆಗಿದ್ದು ನಾನ ರೀ ಅತ್ತಿ,” ಎಂದರು ಟೀಚರ್. ಅತ್ತೆಗೆ ಅರ್ಥವಾಗಲಿಲ್ಲ.

ಆಮೇಲೆ ಹಾವೇರಿ. ಅಲ್ಲಿ ಗೆಳತಿ ಪುಷ್ಪಾವತಿ ಒಂದು ಶಾಲೆಯಲ್ಲಿ ಟೀಚರ್. ಅವರ ಮಕ್ಕಳಿಗೆ ಅಭ್ಯಾಸ ಪರೀಕ್ಷೆ ಇಟ್ಟ ದಿನ ದ್ರಾಕ್ಷಾಯಿಣಿಯನ್ನೂ ಅಲ್ಲಿ ಕೂರಿಸಿದರು. ಗುರುತಿನ ಮುಖ ಒಂದೂ ಇಲ್ಲ, ಹೂಂ ಅನ್ನುವವರಿಲ್ಲ, ರೂಢಿಯಾಗಲಿ ಎಂಬ ಲೆಕ್ಕ. ಪರೀಕ್ಷೆ ಮುಗಿಯುವ ತನಕ ಶೈಲಾ ಟೀಚರ್ ಆ ಶಾಲೆಯ ಆವರಣ ಸುತ್ತಿದ ಪರಿ ನೋಡಿ ಜವಾನ ಕುರ್ಚಿ ತಂದು ಹಾಕಿದ. ಕೂರಲಿಲ್ಲ. ಕೊನೆಗೆ ಪುಷ್ಪಾವತಿ ಉತ್ತರಪತ್ರಿಕೆ ಹಿಡಿದು ಬಂದರು. ಮುಖ ನೋಡಿದಾಗಲೇ ಗೊತ್ತಾಯಿತು. ಪುಟದ ತುಂಬ ಅಡ್ಡಗೆರೆ.

ವಾಪಸು ಬಸ್ಸಿನಲ್ಲಿ ಟೀಚರ ತಾಳ್ಮೆಯ ಕಟ್ಟೆಯೊಡೆಯಿತು.

“ನಿನಗ ನಾ ಏನ್ ಕಡಿಮಿ ಮಾಡೇನವ್ವಾ? ಹೇಳು! ಒಂದರ ದಿನ ಬೈದೇನೇನು? ಹೊಡದೇನೇನು? ಖರೇ ಬರದದ್ದನ್ನ ಹೊಡದು ಕುಂದರ್ತಿ, ಕೈಯಾಗಿನ ಪೆನ್ ಕಸಗೊಂಡು ಒಗೀಬೇಕು ಅನಸ್ತೈತಿ!”

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮುಂದಿನ ಸೀಟಿನ ಅಜ್ಜಿ “ಪಾಪ, ಕೂಸಿಗೆ ಯಾಕ ಬೈತೀಯವ್ವಾ” ಎಂದಳು. ಟೀಚರಿಗೆ ನಾಚಿಕೆಯಾಯಿತು. ಇಷ್ಟು ತಿಂಗಳು ಕಾಪಾಡಿಕೊಂಡ ವ್ರತ ಹೆದ್ದಾರಿಯ ಮೇಲೆ ಮುರಿದಿತ್ತು. ಹುಡುಗಿ ಅಳುತ್ತಾಳೆ ಎಂದುಕೊಂಡರು, ಅಳಲಿಲ್ಲ.

“ಬೈರಿ ಟೀಚರ್,” ಎಂದಳು ದ್ರಾಕ್ಷಾಯಿಣಿ. “ಬೈದ್ರ ತಿಳೀತೈತ್ರಿ. ನೀವು ಸುಮ್ಮ ಕುಂತ್ರ ಭಾಳ ಅಂಜಿಕಿ ಬರ್ತೈತಿ.”

ಶೈಲಾ ಟೀಚರ್ ಕಿಟಕಿಯ ಸರಳಿಗೆ ಹಣೆ ಹಚ್ಚಿದರು. ಸಾಕಾಗಿತ್ತು. ಮೋಟೆಬೆನ್ನೂರು ಹತ್ತಿರ ಬಂದಾಗ ಪಕ್ಕದಲ್ಲಿ ನೋಟಬುಕ್ಕು ತೆರೆದ ಸದ್ದಾಯಿತು. ಟೀಚರನ್ನು ಸಮಾಧಾನ ಮಾಡಲು ಹುಡುಗಿಗೆ ಗೊತ್ತಿದ್ದ ದಾರಿ ಅದೊಂದೇ. ಬಸ್ಸಿನ ಕುಲುಕಾಟದಲ್ಲೇ ತೊಡೆಯ ಮೇಲಿಟ್ಟುಕೊಂಡು ಒಂದು ವರ್ಗ ಸಮೀಕರಣ ಹಿಡಿದಳು.

“ಎಕ್ಸ್ ಸ್ಕ್ವೇರ್ ಮೈನಸ್ ಏಳು ಎಕ್ಸ್ ಪ್ಲಸ್ ಹನ್ನೆರಡು, ಬರೋಬ್ಬರಿ ಸೊನ್ನಿ. ಒಂದು ಕಡೆ ಎಕ್ಸ್ ಮೈನಸ್ ಮೂರು, ಇನ್ನೊಂದು ಕಡೆ ಎಕ್ಸ್ ಮೈನಸ್ ನಾಕು.”

“ಹೂಂ,” ಎಂದರು ಟೀಚರ್, ರೂಢಿಯಿಂದ.

“ಅಂದ್ರ ಎಕ್ಸ್‌ದ ಬೆಲೆ ಮೈನಸ್ ಮೂರು, ಮೈನಸ್ ನಾಕು.”

“ಹೂಂ.” ಅವರ ಕಿವಿ ಅಲ್ಲಿರಲೇ ಇಲ್ಲ. ಮಾಲತೇಶಪ್ಪನಿಗೆ ಏನು ಹೇಳುವುದು, ಅಂದಾನೆಪ್ಪನವರಿಗೆ ಏನು ಹೇಳುವುದು ಎಂಬ ಯೋಚನೆ.

ದ್ರಾಕ್ಷಾಯಿಣಿ ಪುಟ ತಿರುವಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಹಿಂದಕ್ಕೆ ತಿರುವಿದಳು.

“ಟೀಚರ್, ಮೈನಸ್ ಮೂರು ಇಟ್ಟು ನೋಡಿದ್ರ ಸೊನ್ನಿ ಬರವಲ್ದಲ್ರಿ. ನಲವತ್ತೆರಡು ಬರಾಕತ್ತೈತಿ.” ಆಮೇಲೆ ದನಿ ಬದಲಾಯಿತು. “ನೀವು ಹೂಂ ಅಂದ್ರಿ!”

ಟೀಚರ್ ನೆಟ್ಟಗೆ ಕುಳಿತರು. ತಪ್ಪಾಯಿತು ಎಂದು ಹೇಳಲು ಬಾಯಿ ತೆರೆದವರು ಹುಡುಗಿಯನ್ನು ನೋಡಿ ನಿಂತರು. ದ್ರಾಕ್ಷಾಯಿಣಿಗೆ ಸಿಟ್ಟು ಬಂದಿತ್ತು. ಪೆನ್ನು ಒತ್ತಿ ಹಿಡಿದು ಮೈನಸ್ ಗುರುತುಗಳನ್ನು ಹೊಡೆದಳು, ಮೂರು ಎಂದು ಬರೆದಳು, ನಾಲ್ಕು ಎಂದು ಬರೆದಳು, ಕೆಳಗೆ ಗೆರೆ ಎಳೆದಳು. ತಲೆಯೆತ್ತಿ ಟೀಚರ ಮುಖ ನೋಡಲಿಲ್ಲ. ಇಷ್ಟು ದಿನದಲ್ಲಿ ಇದೇ ಮೊದಲು.

“ಹೌದೇನು? ಹೂಂ ಅಂದೇನೇನು?” ಎಂದಷ್ಟೇ ಹೇಳಿ ಟೀಚರ್ ಮತ್ತೆ ಕಿಟಕಿಯ ಕಡೆ ತಿರುಗಿದರು. ಎದೆ ಹೊಡೆದುಕೊಳ್ಳುವುದು ಹುಡುಗಿಗೆ ಕೇಳಿಸೀತೆಂದು ಬ್ಯಾಗನ್ನು ಅವುಚಿಕೊಂಡರು.

ಮರುದಿನದಿಂದ ಅಂಜಬ್ಯಾಡ ಖೋಲಿಯಲ್ಲಿ ಶೈಲಾ ಟೀಚರ್ ಎಲ್ಲದಕ್ಕೂ ಹೂಂ ಅನ್ನತೊಡಗಿದರು. ಸರಿಗೂ ಹೂಂ, ತಪ್ಪಿಗೂ ಹೂಂ. ಆರಿಫ್ ಬೇಕೆಂದೇ ತ್ರಿಕೋನಕ್ಕೆ ನಾಲ್ಕು ಮೂಲೆ ಬರೆದು ತೋರಿಸಿದ, ಅದಕ್ಕೂ ಹೂಂ. ಮಕ್ಕಳು ಮೊದಲು ನಕ್ಕರು, ಆಮೇಲೆ ಮುಖ ಮುಖ ನೋಡಿಕೊಂಡರು, ಆಮೇಲೆ ಲೆಕ್ಕವನ್ನು ತಾವೇ ಹಿಂದು ಮುಂದು ಮಾಡಿ ತಾಳೆ ನೋಡತೊಡಗಿದರು. ದ್ರಾಕ್ಷಾಯಿಣಿ ಮಾತ್ರ ದಿನದಿಂದ ದಿನಕ್ಕೆ ಬಿಗಿಯಾಗುತ್ತ ಹೋದಳು. ಒಂದು ಸಂಜೆ ಪೆನ್ನು ಕೆಳಗಿಟ್ಟು ನೇರವಾಗಿ ಕೇಳಿಯೇಬಿಟ್ಟಳು.

“ಟೀಚರ್, ನಿಮಗ ಲೆಕ್ಕ ಬರ್ತೈತೋ ಇಲ್ಲೋ?”

ಚಿನ್ನದ ಪದಕ ಪಡೆದು ಎಂ.ಎಸ್ಸಿ. ಮುಗಿಸಿದ ಹೆಂಗಸು, ಮುಖ ಕೆಂಪಾಗಿ, ಕೈಯಲ್ಲಿದ್ದ ಸೀಮೆಸುಣ್ಣವನ್ನು ಎರಡು ತುಂಡು ಮಾಡಿ, “ಬರ್ತೈತಿ ಅಂತ ತಿಳಕೊಂಡೇನಿ. ನೀನ ನೋಡಿ ಹೇಳು,” ಎಂದರು.

ಹುಡುಗಿ ನೋಟಬುಕ್ಕನ್ನು ಬ್ಯಾಗಿಗೆ ತುರುಕಿ ಎದ್ದು ಹೋದಳು. ಮರುದಿನ ಸಂಜೆ ಕೋಣೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಊರಲ್ಲಿ ಮಾತು ನಿಲ್ಲುತ್ತದೆಯೇ? ಸೋಮವಾರ ಮಂಗಳವ್ವ ಅಂಗಡಿ ಬಿಟ್ಟು ನೇರ ಶಾಲೆಗೆ ಬಂದಳು. ದ್ರಾಕ್ಷಾಯಿಣಿಯ ತಾಯಿ. ಸೀರೆಯ ಸೆರಗಿನಲ್ಲಿದ್ದ ಮೆಣಸಿನಕಾಯಿ ಪುಡಿಗೆ ಹೆಡ್‌ಮಾಸ್ತರರು ಮೂರು ಸಲ ಸೀನಿದರು.

“ಅಕ್ಕಾರ, ನಿಮ್ಮ ಮ್ಯಾಲ ಭರೋಸಾ ಇಟ್ಟು ಕಳಿಸಿದ್ವಿರಿ,” ಎಂದಳು ಮಂಗಳವ್ವ. “ತಪ್ಪು ಬರದ್ರೂ ಹೂಂ ಅಂತೀರಂತಲ್ರಿ? ನನ್ನ ಮಗಳು ಒಬ್ಬಾಕಿನ ಅಟ್ಟದ ಮ್ಯಾಲ ಕುಂತು ಏನೇನೋ ಬರೀತಾಳ. ಕರದ್ರ ಮಾತಾಡಂಗಿಲ್ಲ.”

“ಹೊಡೀತಾಳೇನ್ರಿ? ಬರದದ್ದನ್ನ?” ಎಂದು ಕೇಳುವಾಗ ಟೀಚರ ದನಿ ಸಣ್ಣಗಾಗಿತ್ತು.

“ನನಗೇನ್ ಗೊತ್ತ್ರಿ? ಬಾಗಲಾ ಹಾಕ್ಕೊಂತಾಳ.”

ಅವಳು ಹೋದ ಮೇಲೆ ಅಂದಾನೆಪ್ಪನವರು ಮೂಗು ಒರೆಸಿಕೊಂಡರು. “ಮೇಡಮ್ಮರ, ಏನ್ರಿ ಇದು? ಹುಡುಗಿ ಪರೀಕ್ಷಿಗೆ ಬರದಿದ್ರ ಜವಾಬ್ದಾರಿ ಯಾರು?”

“ನಂದ್ರಿ ಸರ.”

“ಏನ್ ಮಾಡಾಕತ್ತೀರಿ ಅಂತರ ಹೇಳ್ರಿ.”

ಹೇಳುವುದು ಹೇಗೆ? ಹೇಳಿದರೆ ಸಂಜೆಯೊಳಗೆ ಹೆಡ್‌ಮಾಸ್ತರರ ಬಾಯಿಂದ ಮಂಗಳವ್ವನಿಗೆ, ಮಂಗಳವ್ವನಿಂದ ಮಗಳಿಗೆ. ಟೀಚರ್ ಬೇಕೆಂದೇ ಮಾಡಿದರಂತೆ ಎಂದು ತಿಳಿದ ಕ್ಷಣ ಹುಡುಗಿ ಮತ್ತೆ ಅವರನ್ನೇ ನಂಬುತ್ತಾಳೆ. “ತಡೀರಿ ಸರ,” ಎಂದು ಹೇಳಿ ಶೈಲಾ ಟೀಚರ್ ಹೊರಟರು. ಮಾಲತೇಶಪ್ಪನ ಅಂಗಡಿಯ ಎದುರಿಗೆ ಅಂದು ಅವರು ಎಷ್ಟು ಸಲ ಹಾದು ಹೋದರೆಂದರೆ, ಗೋಣಿಚೀಲ ಬೇಕೇನ್ರಿ ಎಂದು ಆಳುಮಗ ಕೇಳಿದ. ಅಟ್ಟದ ಕಿಟಕಿ ಮುಚ್ಚಿತ್ತು.

ಗಣಿತ ಪರೀಕ್ಷೆಯ ದಿನ ನಸುಕಿನಲ್ಲೇ ಎದ್ದು, ದಿನದಂತೆ ಮಕ್ಕಳಿಗೆಲ್ಲ ಫೋನು ಮಾಡಿ ಎಬ್ಬಿಸಿದರು. ದ್ರಾಕ್ಷಾಯಿಣಿಯ ಹೆಸರಿನ ಮೇಲೆ ಬೆರಳಿಟ್ಟು ತೆಗೆದರು. ಮತ್ತೆ ಇಟ್ಟರು, ಮತ್ತೆ ತೆಗೆದರು. ಚಹಾ ಆರಿ ಹೋಯಿತು. “ಪರೀಕ್ಷಿ ನಿಂದೇನು?” ಎಂದರು ನೀಲಗಂಗವ್ವ. ಹೌದು ಎನ್ನಬೇಕೆನಿಸಿತು.

ಯಾವ ವಿಷಯದ ಪರೀಕ್ಷೆಯೋ ಆ ವಿಷಯದ ಟೀಚರ್ ಅಂದು ಪರೀಕ್ಷಾ ಕೇಂದ್ರದ ಹತ್ತಿರ ಸುಳಿಯುವಂತಿಲ್ಲ. ಬ್ಯಾಡಗಿಯಲ್ಲಿ ಕೇಂದ್ರದಿಂದ ದೂರ, ರಸ್ತೆಯ ತಿರುವಿನ ಚಹಾದಂಗಡಿಯ ಬಳಿ ನಿಂತರು. ಮಕ್ಕಳು ಒಬ್ಬೊಬ್ಬರೇ ಗೇಟಿನ ಕಡೆ ಹೋದರು. ಕಡೆಯಲ್ಲಿ ಮಂಗಳವ್ವನ ಹಿಂದೆ ದ್ರಾಕ್ಷಾಯಿಣಿ ಬಂದಳು. ಬಂದಳಲ್ಲ! ಟೀಚರ ಕಡೆ ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಗೇಟು ಮುಚ್ಚಿತು.

ಮುಂದಿನ ಮೂರು ತಾಸನ್ನು ಅವರು ಹೇಗೆ ಕಳೆದರೆಂದು ಚಹಾದಂಗಡಿಯವನನ್ನು ಕೇಳಿ. ಕೂತರು, ಎದ್ದರು. ಚಹಾ ಹೇಳಿದರು, ಕುಡಿಯಲಿಲ್ಲ. ಈಗ ಮೊದಲ ಪುಟ ಹೊಡೆದಿರಬಹುದು, ಈಗ ಎರಡನೆಯದು ಎಂದು ಕಣ್ಣ ಮುಂದೆ ಅಡ್ಡಗೆರೆಗಳೇ ಬಂದವು. ತಪ್ಪು ಮಾಡಿದೆನೇ, ಇದ್ದ ಒಂದು ಆಸರೆಯನ್ನೂ ಕಿತ್ತುಕೊಂಡೆನೇ ಎಂದು ತಮ್ಮನ್ನೇ ಬೈದುಕೊಂಡರು. ಒಳಗೆ ಓಡಿ ಹೋಗಿ ಒಂದೇ ಒಂದು ಸಲ ಹೂಂ ಅಂದು ಬರಲೇ ಎನ್ನಿಸಿ ಅವರ ಕಣ್ಣಲ್ಲಿ ನೀರು ಬಂತು.

ಗಂಟೆ ಹೊಡೆಯಿತು. ಮಕ್ಕಳು ದಡಬಡ ಓಡಿ ಬಂದು ಮುತ್ತಿಕೊಂಡರು. ಸ್ನೇಹಾ ನಗುತ್ತಿದ್ದಳು, ಆರಿಫ್ ಕೊನೆಯ ಲೆಕ್ಕಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದ. ಟೀಚರ ಕಣ್ಣು ಅವರ ತಲೆಗಳ ಮೇಲಿಂದ ಗೇಟಿನ ಕಡೆಗೇ ಇತ್ತು. ಎಲ್ಲರ ಹಿಂದೆ ದ್ರಾಕ್ಷಾಯಿಣಿ ನಡೆದು ಬಂದಳು, ಪ್ರಶ್ನೆಪತ್ರಿಕೆಯನ್ನು ಮಡಚಿ ಮುಷ್ಟಿಯಲ್ಲಿ ಹಿಡಿದಿದ್ದಳು.

“ಹೊಡದೀಯೇನು?” ಟೀಚರ ಬಾಯಿಂದ ಮೊದಲು ಬಂದದ್ದು ಇದೇ.

“ಒಂದು ಹೊಡದೇನ್ರಿ. ಅದು ಖರೇನ ತಪ್ಪಿತ್ತು.”

“ಉಳಿದದ್ದು?”

“ಬರೋಬ್ಬರಿ ಅದಾವ್ರಿ. ತಾಳೆ ಮಾಡಿ ನೋಡೇನಿ. ಕಡೀದೊಂದಕ್ಕ ಟೈಮ್ ಸಾಲಲಿಲ್ಲ.”

ಶೈಲಾ ಟೀಚರಿಗೆ ಅವಳನ್ನು ಅಲ್ಲೇ ಬಾಚಿ ತಬ್ಬಿಕೊಳ್ಳಬೇಕೆನಿಸಿತು. ಅದರ ಬದಲು ಕೈ ಚಾಚಿದರು. “ತಾ ಇಲ್ಲೆ, ಪೇಪರ್ ತೋರ್ಸು. ಉತ್ತರ ಏನೇನ್ ಬಂದಾವ ಹೇಳು, ಒಮ್ಮೆ ನೋಡ್ತೇನಿ.”

ದ್ರಾಕ್ಷಾಯಿಣಿ ಪ್ರಶ್ನೆಪತ್ರಿಕೆಯನ್ನು ಬ್ಯಾಗಿನೊಳಗೆ ಇಟ್ಟಳು.

“ಬ್ಯಾಡ್ರಿ ಟೀಚರ್. ನೀವು ನೋಡಿದ್ರೇನಾತ್ರಿ? ಎಲ್ಲಾಕೂ ಹೂಂ ಅಂತೀರಿ.”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಮಳೆ ಬಂದರೆ ನೆಲ ನೆನೆಯುತ್ತದೆ ಎಂಬಷ್ಟು ಸಹಜವಾಗಿ ಹೇಳಿ, ತಾಯಿಯ ಜೊತೆ ಯಾರ್ಡಿನ ರಸ್ತೆ ಹಿಡಿದಳು. ಮಂಗಳವ್ವ ಒಮ್ಮೆ ಹಿಂತಿರುಗಿ ಟೀಚರನ್ನು ಕನಿಕರದಿಂದ ನೋಡಿದಳು.

ಚಾಚಿದ ಕೈ ಚಾಚಿದಂತೆಯೇ ಇತ್ತು. ನೋವಾಯಿತು, ಸುಳ್ಳೇಕೆ? ಅವಳ ಹಿಂದೆ ಓಡಿ ಹೋಗಿ, ನಿನಗಾಗಿಯೇ ಮಾಡಿದ್ದು, ನನಗೂ ಲೆಕ್ಕ ಬರುತ್ತದೆ ಎಂದು ಕೂಗಿ ಹೇಳಬೇಕೆನಿಸಿತು. ಬಾಯಿ ತೆರೆದರು. ಇನ್ನೂ ವಿಜ್ಞಾನದ ಪರೀಕ್ಷೆ ಬಾಕಿ ಇತ್ತು, ಅದರಾಚೆ ಡಿಪ್ಲೊಮಾದ ಮೂರು ವರ್ಷಗಳಿದ್ದವು. ಹೇಳಿದರೆ ಆ ಹುಡುಗಿ ತಿರುಗಿ ಹೂಂಗಾಗಿ ತಮ್ಮ ಮುಖ ನೋಡುತ್ತಾಳೆ. ಬಾಯಿ ಮುಚ್ಚಿಕೊಂಡು, ಆರಿಫ್‌ನ ಕೈಯಲ್ಲಿದ್ದ ಪ್ರಶ್ನೆಪತ್ರಿಕೆಯನ್ನು ಕಸಿದುಕೊಂಡರು.